ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ!

1979ರಲ್ಲಿ ಅಮೆರಿಕದ ಪುಸ್ತಕದಂಗಡಿಗಳಿಗೆ ಅಂಗೈಯಗಲದ ಒಂದು ಕಾದಂಬರಿ ಬಂತು. ಹೆಸರು ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’. ಅದೇ ವರ್ಷ ಡಿಸೆಂಬರ್ 7ಕ್ಕೆ ತೆರೆಕಂಡ ಸಿನಿಮಾದ ಕಥೆಯೇ ಕಾದಂಬರಿಯ ಕಥೆ. ಬರೆದವರು ಆ ಜಗತ್ತನ್ನೇ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ. ಆರಂಭದ ಪುಟಗಳಲ್ಲೇ ಚೂಪುಕಿವಿಯ ಸ್ಪಾಕ್ ತನ್ನ ವಲ್ಕನ್ ಗ್ರಹದಲ್ಲಿ ನಿಂತು, ಎಲ್ಲೋ ದೂರದ ಭೂಮಿಯಲ್ಲಿರುವ ಕ್ಯಾಪ್ಟನ್ ಕರ್ಕ್‌ನನ್ನು ನೆನೆಯುತ್ತಾನೆ. ನೆನೆಯುವಾಗ ತನ್ನ ಭಾಷೆಯಲ್ಲಿ ಅವನನ್ನು ‘ಥೈಲಾ’ ಎಂದು ಕರೆಯುತ್ತಾನೆ. ಆ ಪದಕ್ಕೊಂದು ಗುರುತು ಹಾಕಿದ್ದಾರೆ. ಕಣ್ಣನ್ನು ಪುಟದ ಬುಡಕ್ಕೆ ಇಳಿಸಿದರೆ, ಅಲ್ಲಿದೆ ನೋಡಿ, ಟೆಲಿವಿಷನ್ ಚರಿತ್ರೆಯಲ್ಲೇ ಅತಿ ವಿಚಿತ್ರವಾದ ಅಡಿಟಿಪ್ಪಣಿ!

ಅದು ಹೇಳುವುದಿಷ್ಟು. ಆ ಪದಕ್ಕೆ ಗೆಳೆಯ ಎಂದರ್ಥ, ಸೋದರ ಎಂದೂ ಅರ್ಥ, ಪ್ರಿಯಕರ ಎಂದೂ ಅರ್ಥ. ಇವರಿಬ್ಬರ ಸ್ನೇಹ ಅಷ್ಟು ಗಾಢವಾಗಿದ್ದರಿಂದ ಇವರು ಪ್ರೇಮಿಗಳೇ ಇರಬೇಕೆಂಬ ಮಾತು ಹಬ್ಬಿದೆ. ಹಾಗಾಗಿ ಸಂಪಾದಕರು ಖುದ್ದು ಕರ್ಕ್‌ನನ್ನೇ ವಿಚಾರಿಸಿದ್ದಾರಂತೆ! ಕಥೆಯೊಳಗಿನ ಪಾತ್ರ ಕಥೆಯ ಬುಡದಲ್ಲಿ ಕೂತು ಉತ್ತರ ಕೊಡುತ್ತದೆ: ಈ ಗುಸುಗುಸು ನನ್ನ ಕಿವಿಗೆ ಬಿದ್ದಿರಲಿಲ್ಲ, ಸ್ಪಾಕ್ ಕಿವಿಗೆ ಬಿದ್ದಿತ್ತಂತೆ, ಅವನು ಬಲಹುಬ್ಬು ಮೇಲೇರಿಸಿ ತಳ್ಳಿಹಾಕಿದನಂತೆ. ಯಾವ ಬಗೆಯ ಪ್ರೇಮದ ಬಗ್ಗೆಯೂ ನನಗೆ ಆಕ್ಷೇಪಣೆಯಿಲ್ಲ, ಆದರೆ ನನಗೆ ಅತಿ ಹೆಚ್ಚು ಸುಖ ಸಿಕ್ಕಿದ್ದು ಹೆಂಗಸರಲ್ಲಿ. ಅಲ್ಲದೆ ಏಳು ವರ್ಷಕ್ಕೊಂದು ಸಲ ಮಾತ್ರ ಬೆದೆಗೆ ಬರುವ ಸಂಗಾತಿಯನ್ನು ಆರಿಸಿಕೊಳ್ಳುವಷ್ಟು ಪೆದ್ದ ನಾನೆಂದು ಯಾರಾದರೂ ತಿಳಿದರೆ ಬೇಸರವಾಗುತ್ತದೆ.

ದಯವಿಟ್ಟು ಇನ್ನೊಮ್ಮೆ ಓದಿ. ‘ಇಲ್ಲ’ ಎಂಬ ಮಾತು ಎಲ್ಲಿದೆ? ಹುಡುಕಿ! ಸಿಗುವುದಿಲ್ಲ. ನಾನಂತೂ ಹುಡುಕಿ ಸೋತೆ. ಹೆಂಗಸರಲ್ಲಿ ಸುಖವಿದೆ ಎನ್ನುತ್ತಾನೆ, ಗಂಡಸರಲ್ಲಿ ಇಲ್ಲ ಎನ್ನುವುದಿಲ್ಲ. ಪೆದ್ದ ಎಂದುಕೊಳ್ಳಬೇಡಿ ಎನ್ನುತ್ತಾನೆ, ನಡೆದಿಲ್ಲ ಎನ್ನುವುದಿಲ್ಲ. ಕೋಟಿಗಟ್ಟಲೆ ಡಾಲರ್ ಸುರಿದ ಸಿನಿಮಾದ ಜೊತೆಗೆ ಬಂದ ಪುಸ್ತಕದಲ್ಲಿ, ಕಥೆಯ ಧಣಿಯೇ ಯಾಕೆ ಇಂಥದ್ದೊಂದನ್ನು ಬರೆದು, ಹೀಗೆ ಸಣ್ಣಕ್ಷರದಲ್ಲಿ ಅಡಗಿಸಿಟ್ಟರು? ಯಾರಿಗೆ ಉತ್ತರ ಕೊಡುತ್ತಿದ್ದರು?

ಉತ್ತರ ಹೋದದ್ದು ಟೈಪ್‌ರೈಟರ್ ಮುಂದೆ ಕೂತಿದ್ದ ಕೆಲವು ಹೆಂಗಸರಿಗೆ.

ಸ್ಟಾರ್ ಟ್ರೆಕ್ ನಮ್ಮಲ್ಲೂ ಕೆಲವರಿಗೆ ಹಳೆಯ ಪರಿಚಯ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಗ್ಗೆ ಅದನ್ನು ತೋರಿಸುತ್ತಿತ್ತು. ಇಡ್ಲಿ ತಟ್ಟೆ ಹಿಡಿದು ಸ್ಪಾಕ್‌ನ ಕಿವಿ ನೋಡಿದ ತಲೆಮಾರೊಂದಿದೆ. ಮೂಲತಃ ಅದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್‌ವರೆಗೆ ಓಡಿದ 79 ಕಂತುಗಳ ಧಾರಾವಾಹಿ. ವಿಲಿಯಂ ಶಾಟ್ನರ್ ಕರ್ಕ್, ಲಿಯೊನಾರ್ಡ್ ನಿಮೊಯ್ ಸ್ಪಾಕ್. ಒಬ್ಬ ಬಿಸಿರಕ್ತದ ನಾಯಕ, ಇನ್ನೊಬ್ಬ ಭಾವನೆಯನ್ನೆಲ್ಲ ಬೀಗ ಹಾಕಿಟ್ಟುಕೊಂಡ ಅರೆಮಾನವ.

ಆ ಏಳು ವರ್ಷದ ಲೆಕ್ಕ ಬಂದದ್ದು ಎರಡನೇ ಸೀಸನ್ನಿನ ಮೊದಲ ಕಂತಿನಿಂದ: ‘ಅಮಾಕ್ ಟೈಮ್’, 1967ರ ಸೆಪ್ಟೆಂಬರ್ 15. ಬರೆದವರು ಥಿಯೊಡೋರ್ ಸ್ಟರ್ಜನ್. ವಲ್ಕನ್ ಗಂಡಸರಿಗೆ ಏಳು ವರ್ಷಕ್ಕೊಮ್ಮೆ ಕೂಡುವ ಕಾಲ ಬರುತ್ತದೆ, ಆಗ ತವರಿಗೆ ಹೋಗಿ ಮದುವೆಯಾಗಬೇಕು, ಇಲ್ಲದಿದ್ದರೆ ಸಾವು. ಸ್ಪಾಕ್‌ನ ಕೈ ನಡುಗತೊಡಗುತ್ತದೆ. ಮೇಲಧಿಕಾರಿಗಳ ಆಜ್ಞೆ ಮೀರಿ, ನೌಕರಿಯನ್ನೇ ಪಣಕ್ಕಿಟ್ಟು ಕರ್ಕ್ ನೌಕೆಯನ್ನು ವಲ್ಕನ್‌ಗೆ ತಿರುಗಿಸುತ್ತಾನೆ. ಅಲ್ಲಿ ವಧು ಒಂದು ತಂತ್ರ ಹೂಡಿ, ವರನಿಗೂ ಕರ್ಕ್‌ಗೂ ಪ್ರಾಣ ಹೋಗುವವರೆಗಿನ ಕಾಳಗ ಇಡಿಸುತ್ತಾಳೆ. ಸ್ಪಾಕ್ ಗೆಳೆಯನ ಕತ್ತು ಬಿಗಿದು ಕೆಡವುತ್ತಾನೆ. ಗೆಳೆಯ ಸತ್ತನೆಂದು ನಂಬಿ, ಜ್ವರ ಇಳಿದು, ಮದುವೆ ಬೇಡವೆಂದು ಬಿಟ್ಟು, ಶರಣಾಗಲು ನೌಕೆಗೆ ಮರಳುತ್ತಾನೆ. ಹಿಂದಿನಿಂದ ಕರ್ಕ್ ನಡೆದು ಬರುತ್ತಾನೆ. ವೈದ್ಯರು ಕೊಟ್ಟ ಮದ್ದಿನಿಂದ ಸತ್ತಂತೆ ಬಿದ್ದಿದ್ದನಷ್ಟೆ. ಆಗ ನೋಡಬೇಕು! ನಗುವೆಂಬುದನ್ನೇ ಅರಿಯದ ಸ್ಪಾಕ್ ಗಕ್ಕನೆ ತಿರುಗಿ ‘ಜಿಮ್!’ ಎಂದು ಗೆಳೆಯನ ಹೆಸರು ಹಿಡಿದು ಕೂಗುತ್ತಾನೆ, ಎರಡೂ ತೋಳು ಹಿಡಿದುಕೊಳ್ಳುತ್ತಾನೆ, ಮುಖದ ತುಂಬ ನಗು. ಒಂದೆರಡು ಸೆಕೆಂಡ್, ಅಷ್ಟೇ. ಪಕ್ಕದಲ್ಲಿ ಜನರಿರುವುದು ಗೊತ್ತಾಗಿ ಕೈ ಬಿಡುತ್ತಾನೆ, ಮುಖ ಮತ್ತೆ ಕಲ್ಲಾಗುತ್ತದೆ.

ಆ ಒಂದೆರಡು ಸೆಕೆಂಡ್‌ಗಳಿಂದ ಏನೆಲ್ಲ ಹುಟ್ಟಿತು!

ಅದೇ 1967ರಲ್ಲಿ ಅಭಿಮಾನಿಗಳು ತಮ್ಮದೇ ಪತ್ರಿಕೆ ತರಲು ಶುರುಮಾಡಿದ್ದರು. ಮೊದಲನೆಯದರ ಹೆಸರು ‘ಸ್ಪಾಕನೇಲಿಯ’. ಇವಕ್ಕೆ ಫ್ಯಾನ್‌ಝೀನ್ ಎಂದು ಕರೆಯುತ್ತಾರೆ. ನಮ್ಮ ಹಳೆಯ ಆಫೀಸು, ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರವೇ ಇವುಗಳ ಮುದ್ರಣಾಲಯ. ಮೇಣದ ಸ್ಟೆನ್ಸಿಲ್ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಬೇಕು, ತಪ್ಪಾದರೆ ದ್ರವ ಹಚ್ಚಿ ತಿದ್ದಬೇಕು, ಮಸಿ ತುಂಬಿ ಹಿಡಿ ತಿರುಗಿಸಬೇಕು, ಹಾಳೆಗಳನ್ನು ನೆಲದ ಮೇಲೆ ಹರಡಿ ಜೋಡಿಸಿ ಪಿನ್ ಹೊಡೆಯಬೇಕು, ಆಮೇಲೆ ಅಂಚೆ. ಲಾಭವಿಲ್ಲ, ಕಾಗದ ಮತ್ತು ಅಂಚೆಯ ಖರ್ಚಷ್ಟೇ ಬೆಲೆ. ಇವುಗಳಲ್ಲಿ ಬರೆದವರು, ಓದಿದವರು ಬಹುಪಾಲು ಹೆಂಗಸರು. ವಿಜ್ಞಾನ ಕಥೆಯೆಂದರೆ ಗಂಡುಹುಡುಗರ ಸೊತ್ತು ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ!

1974ರ ಸೆಪ್ಟೆಂಬರ್‌ನಲ್ಲಿ ‘ಗ್ರಪ್’ ಎಂಬ ಇಂಥದ್ದೊಂದು ಪತ್ರಿಕೆಯ ಮೂರನೇ ಸಂಚಿಕೆ ಬಂತು. ಅದರಲ್ಲಿ ಎರಡೇ ಪುಟದ ಒಂದು ತುಣುಕು, ‘ಎ ಫ್ರಾಗ್ಮೆಂಟ್ ಔಟ್ ಆಫ್ ಟೈಮ್’. ಬರೆದವರು ಆಸ್ಟ್ರೇಲಿಯಾದ ಡಯೇನ್ ಮರ್ಚೆಂಟ್. ಇಬ್ಬರು ಕೂಡುತ್ತಿದ್ದಾರೆ. ಹೆಸರಿಲ್ಲ. ಒಬ್ಬ ‘ಅವನು’, ಇನ್ನೊಬ್ಬರು ಗಂಡೋ ಹೆಣ್ಣೋ ತಿಳಿಯದಂತೆ ವಾಕ್ಯಗಳನ್ನು ಅಷ್ಟು ನಾಜೂಕಾಗಿ ಹೆಣೆದಿದ್ದಾರೆ. ಓದಿ ಮುಗಿಸಿದವರು ಬೆಚ್ಚಿದರು, ಮತ್ತೆ ಮೊದಲಿನಿಂದ ಓದಿದರು. ಇದು ಅವರೇ ಅಲ್ಲವೆ? ಮುಂದಿನ ಸಂಚಿಕೆಯಲ್ಲಿ ಮರ್ಚೆಂಟ್ ಪ್ರಬಂಧವೊಂದನ್ನೇ ಬರೆದು ಒಪ್ಪಿಕೊಂಡರು: ಹೌದು, ಅವರೇ. ಅಚ್ಚಾದ ಮೊದಲ ಕರ್ಕ್–ಸ್ಪಾಕ್ ಪ್ರೇಮಕಥೆ ಎಂದು ಇತಿಹಾಸಕಾರರು ಈಗ ಬೊಟ್ಟು ಮಾಡುವುದು ಹೆಸರೇ ಇಲ್ಲದ ಆ ಎರಡು ಪುಟಗಳನ್ನು. ಟೆಲಿವಿಷನ್ನಿನ ಯಾವ ಆಫೀಸಿನಲ್ಲೂ ಅಂದು ಯಾರಿಗೂ ಸುಳಿವಿಲ್ಲ!

1976ರಲ್ಲಿ ಗೆರಿ ಡೌನ್ಸ್ ಅವರ ಪೂರ್ಣಪ್ರಮಾಣದ ಪುಸ್ತಕ ಬಂತು, 1978ರಲ್ಲಿ ಹಲವರ ಕಥೆಗಳ ಸಂಕಲನವೇ ಬಂತು. ಎರಡು ಹೆಸರುಗಳ ಮೊದಲಕ್ಷರದ ನಡುವೆ ಓರೆಗೆರೆ ಎಳೆದು ಬರೆಯುವ ರೂಢಿಯಿಂದ ಈ ಬಗೆಯ ಬರಹಕ್ಕೆ ‘ಸ್ಲ್ಯಾಷ್’ ಎಂದೇ ಹೆಸರಾಯಿತು. ಅಭಿಮಾನಿ ಸಮ್ಮೇಳನಗಳಲ್ಲಿ ಇವು ಮೇಜಿನ ಮೇಲಲ್ಲ, ಮೇಜಿನ ಕೆಳಗೆ. ನಂಬಿಕಸ್ತರು ಕೇಳಿದರೆ ಮಾತ್ರ ಹೊರಬರುತ್ತಿದ್ದವು. ಅಂಚೆಯಲ್ಲಿ ತರಿಸುವವರು ತಮಗೆ 18 ತುಂಬಿದೆ ಎಂದು ಸಹಿ ಹಾಕಿ ಕಳಿಸಬೇಕು. ‘ಸ್ಟಾರ್ಸ್ಕಿ ಅಂಡ್ ಹಚ್’ ಪೊಲೀಸರು, ಬ್ರಿಟನ್ನಿನ ‘ದಿ ಪ್ರೊಫೆಷನಲ್ಸ್’ ಗೂಢಚಾರರು, ಹೀಗೆ ಜೋಡಿಗಳು ಹೆಚ್ಚುತ್ತಲೇ ಹೋದವು. ‘ಪ್ರೊಫೆಷನಲ್ಸ್’ ಅಭಿಮಾನಿಗಳಂತೂ ಪತ್ರಿಕೆಯ ಗೋಜಿಗೇ ಹೋಗದೆ, ಕಥೆಗಳನ್ನು ಒಂದೊಂದಾಗಿ ಜೆರಾಕ್ಸ್ ಮಾಡಿ ಒಬ್ಬರಿಂದ ಒಬ್ಬರಿಗೆ ಕಳಿಸುವ ಒಂದು ಅದೃಶ್ಯ ಗ್ರಂಥಾಲಯವನ್ನೇ ಕಟ್ಟಿದರು. ತರಿಸಿಕೊಳ್ಳಿ, ನಕಲು ತೆಗೆದುಕೊಳ್ಳಿ, ಮೂಲ ಪ್ರತಿ ವಾಪಸು ಕಳಿಸಿ!

ಹೆಂಗಸರು ಯಾಕೆ ಇಬ್ಬರು ಗಂಡಸರ ಪ್ರೇಮ ಬರೆಯಬೇಕು? ಈ ಪ್ರಶ್ನೆಯನ್ನು ಆಮೇಲೆ ವಿಶ್ವವಿದ್ಯಾಲಯಗಳೇ ಎತ್ತಿಕೊಂಡವು. 1992 ಒಂದೇ ವರ್ಷದಲ್ಲಿ ಹೆನ್ರಿ ಜೆಂಕಿನ್ಸ್, ಕೆಮಿಲ್ ಬೇಕನ್-ಸ್ಮಿತ್ ಇಬ್ಬರ ಗ್ರಂಥಗಳು ಬಂದವು. ನನಗೆ ಹೆಚ್ಚು ಹಿಡಿಸಿದ್ದು ವಿಜ್ಞಾನ ಕಥೆಗಾರ್ತಿ ಜೊಆನ ರಸ್ 1985ರ ಪ್ರಬಂಧದಲ್ಲಿ ಕೊಟ್ಟ ಉತ್ತರ. ಆಕೆಯ ವಾದದ ತಿರುಳು ಇದು: ಸಮಾನರಿಬ್ಬರ ಪ್ರೇಮವನ್ನು ಓದುವ ಹಸಿವು ಹೆಂಗಸರಿಗಿತ್ತು. ಆದರೆ ಅಂದಿನ ಟೆಲಿವಿಷನ್ನಿನಲ್ಲಿ ಹೆಂಗಸೆಂದರೆ ಒಂದೋ ಕಾಫಿ ತರುವವಳು, ಇಲ್ಲವೇ ಕಂತಿನ ಕೊನೆಗೆ ಕಾಣೆಯಾಗುವವಳು. ನಿಜವಾದ ಸಾಹಸ, ನಿಜವಾದ ನಂಬಿಕೆ, ಒಬ್ಬರಿಗಾಗಿ ಒಬ್ಬರು ಸಾಯುವಷ್ಟು ಸಲಿಗೆ, ಇವೆಲ್ಲ ಇದ್ದದ್ದು ಗಂಡಸರಿಬ್ಬರ ನಡುವೆ. ಹಸಿದವರು ಅನ್ನ ಇದ್ದ ಕಡೆಗೇ ಹೋದರು. ಹಾಗೆಂದು ಎಲ್ಲ ಅಭಿಮಾನಿಗಳೂ ಒಪ್ಪಿದರೆಂದಲ್ಲ. ನಮ್ಮ ಕರ್ಕ್‌ಗೆ ಮಸಿ ಬಳಿಯುತ್ತೀರಾ ಎಂದು ಪತ್ರಿಕೆಗಳ ಓದುಗರ ಅಂಕಣದಲ್ಲಿ ದೊಡ್ಡ ರಂಪವೇ ಆಯಿತು. ಮೊದಲ ಜಗಳ ನಡೆದದ್ದು ಮನೆಯೊಳಗೇ.

ಈಗ ರಾಡನ್‌ಬೆರಿಯವರ ಇಕ್ಕಟ್ಟು ನೋಡಿ. ಕಾನೂನಿನ ಪ್ರಕಾರ ಪಾತ್ರಗಳ ಮೇಲೆ ಅಭಿಮಾನಿಗಳಿಗೆ ಎಳ್ಳಷ್ಟೂ ಹಕ್ಕಿಲ್ಲ. ಸ್ಟುಡಿಯೋ ಮನಸ್ಸು ಮಾಡಿದ್ದರೆ ವಕೀಲರ ನೋಟಿಸು ಹೋಗುತ್ತಿತ್ತು. ಆದರೆ ಆ ಧಾರಾವಾಹಿ ಬದುಕಿದ್ದೇ ಇದೇ ಜನರ ಕೈಯಿಂದ! ಎರಡನೇ ಸೀಸನ್ನಿಗೇ ನಿಲ್ಲುತ್ತದೆಂಬ ಸುದ್ದಿ ಹಬ್ಬಿದಾಗ ಬಿಜೋ ಟ್ರಿಂಬಲ್ ಎಂಬ ಅಭಿಮಾನಿ ಮತ್ತು ಆಕೆಯ ಪತಿ ಜಾನ್ ದೇಶವಿಡೀ ಕಾಗದ ಬರೆಸಿದರು. ಎನ್‌ಬಿಸಿಗೆ ಪತ್ರಗಳ ಮಳೆ. ಕಡೆಗೆ 1968ರ ಮಾರ್ಚ್ 1ರ ರಾತ್ರಿ, ಕಂತು ಮುಗಿಯುತ್ತಿದ್ದಂತೆ ವಾಹಿನಿ ಸ್ವತಃ ಘೋಷಿಸಬೇಕಾಯಿತು: ಸ್ಟಾರ್ ಟ್ರೆಕ್ ಮುಂದುವರಿಯುತ್ತದೆ. ಧಾರಾವಾಹಿ ನಿಂತು ಹತ್ತು ವರ್ಷದ ಮೇಲೆ ಸಿನಿಮಾ ಆದದ್ದೂ ಈ ಹುಚ್ಚು ಆರದೆ ಉಳಿದಿದ್ದರಿಂದ. ಇಂಥವರಿಗೆ ‘ಛೀ’ ಎನ್ನುವುದು ಹೇಗೆ? ‘ಹೌದು’ ಎಂದರೆ 1979ರ ಅಮೆರಿಕದಲ್ಲಿ ಸಿನಿಮಾದ ಗತಿ ಏನು? ಹಾಗಾಗಿ ಬಾಯಿಬಿಟ್ಟು ಏನನ್ನೂ ಹೇಳದೆ, ಕಥೆಯ ಒಂದು ಮೂಲೆಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂತೆ ಕಣ್ಣು ಮಿಟುಕಿಸಿದರು. ಆ ಸಿನಿಮಾದಲ್ಲೇ ಇನ್ನೊಂದಿದೆ: ನೌಕೆಯ ಆಸ್ಪತ್ರೆಯಲ್ಲಿ ಮಲಗಿದ ಸ್ಪಾಕ್ ಕರ್ಕ್‌ನ ಕೈಯನ್ನು ಬಿಗಿಯಾಗಿ ಹಿಡಿದು, ಈ ಸರಳ ಭಾವನೆ ಯಂತ್ರಕ್ಕೆ ತಿಳಿಯದು ಎನ್ನುತ್ತಾನೆ. ಅಭಿಮಾನಿಗಳು ಆ ಕೈಗಳನ್ನು ಇಂದಿಗೂ ಮರೆತಿಲ್ಲ.

ನಾನು ಕಂಡುಕೊಂಡ ಸ್ವಾರಸ್ಯ ಇಲ್ಲಿಂದ ಶುರು. ಈ ಐವತ್ತು ವರ್ಷಗಳಲ್ಲಿ ಧಾರಾವಾಹಿ ಮಾಡುವವರು ಅಭಿಮಾನಿಗಳಿಗೆ ಕೊಟ್ಟ ಉತ್ತರಗಳಲ್ಲಿ ಬಹುಪಾಲು ಕಥೆಯೊಳಗೇ ಅಡಗಿವೆ! ಪತ್ರಿಕಾಗೋಷ್ಠಿಯಲ್ಲಿ ಹುಡುಕಬೇಡಿ. ದೃಶ್ಯದಲ್ಲಿ ಹುಡುಕಿ.

‘ಝೀನಾ: ವಾರಿಯರ್ ಪ್ರಿನ್ಸೆಸ್’ ನೋಡೋಣ. 1995ರಿಂದ 2001ರವರೆಗೆ ಆರು ಸೀಸನ್, 134 ಕಂತು, ಚಿತ್ರೀಕರಣ ನ್ಯೂಜಿಲೆಂಡಿನಲ್ಲಿ. ಕತ್ತಿ ಹಿಡಿದ ಝೀನಾ ಆಗಿ ಲೂಸಿ ಲಾಲೆಸ್, ಜೊತೆಯಲ್ಲಿ ಅಲೆಯುವ ಕವಿ ಗೇಬ್ರಿಯೆಲ್ ಆಗಿ ರೆನೆ ಓಕಾನರ್. ಈ ಇಬ್ಬರು ಹೆಂಗಸರ ನಡುವೆ ಏನೋ ಇದೆ ಎಂದು ಮೊದಲು ಗುರುತಿಸಿದವರು ಲೆಸ್ಬಿಯನ್ ಪ್ರೇಕ್ಷಕರು. ತಯಾರಕರಿಗೂ ಅದರ ಗಾಳಿ ಬಡಿಯಿತು. ಆಮೇಲೆ ಶುರುವಾಯಿತು ಆಟ. ‘ದಿ ಕ್ವೆಸ್ಟ್’ ಎಂಬ ಕಂತಿನಲ್ಲಿ ಸತ್ತುಹೋದ ಝೀನಾಳ ಆತ್ಮ ಒಬ್ಬ ಕಳ್ಳನ ಮೈಯಲ್ಲಿ ಸೇರಿಕೊಂಡಿದೆ. ಆತ್ಮಲೋಕದಲ್ಲಿ ಝೀನಾ, ಗೇಬ್ರಿಯೆಲ್ ಎದುರುಬದುರು. ಮುಖಗಳು ಹತ್ತಿರ ಬರುತ್ತವೆ, ಇನ್ನೇನು ತುಟಿಗೆ ತುಟಿ ತಾಗಬೇಕು, ಕಟ್! ಮರುಕ್ಷಣ ಗೇಬ್ರಿಯೆಲ್ ಮುತ್ತಿಡುತ್ತಿರುವುದು ಮೀಸೆ ಹೊತ್ತ ಆ ಕಳ್ಳನಿಗೆ! ಕಟ್ ಮಾಡಿದ ಕತ್ತರಿಗೆ ಎರಡೂ ಕಡೆ ಬಾಯಿ. ಮುತ್ತು ಇತ್ತು ಎನ್ನುವವರಿಗೆ ಇತ್ತು, ಇರಲಿಲ್ಲ ಎನ್ನುವವರಿಗೆ ಇರಲಿಲ್ಲ.

ಮುಂದಿನದು ಇನ್ನೂ ಸೋಜಿಗ. ಝೀನಾ ಅಭಿಮಾನಿ ಕಥೆಗಳನ್ನು ಬರೆದು ಹೆಸರಾಗಿದ್ದ ಮೆಲಿಸ್ಸಾ ಗುಡ್ ಎಂಬಾಕೆಯನ್ನು ತಯಾರಕರೇ ಕರೆದು ಆರನೇ ಸೀಸನ್ನಿಗೆ ಚಿತ್ರಕಥೆ ಬರೆಸಿದರು! ಸೀಸನ್ನಿನ ಮೊದಲ ಕಂತು ‘ಕಮಿಂಗ್ ಹೋಮ್’ ಮತ್ತು ‘ಲೆಗಸಿ’ ಆಕೆಯದು. ಮೇಜಿನ ಕೆಳಗಿದ್ದ ಬರಹ ಕಾಲು ಶತಮಾನದಲ್ಲಿ ಸಂಬಳದ ಚೀಟಿಯವರೆಗೆ ಬಂದಿತ್ತು. ಎಲ್ಲರೂ ಕುಣಿದಾಡಿದರು. ಆದರೆ 2001ರ ಜೂನ್‌ನಲ್ಲಿ ಬಂದ ಕೊನೆಯ ಎರಡು ಕಂತುಗಳಲ್ಲಿ ಝೀನಾ ಜಪಾನಿಗೆ ಹೋಗಿ ತಲೆ ಕಡಿಸಿಕೊಂಡು ಸಾಯುತ್ತಾಳೆ. ಅವಳಿಂದ ಹಿಂದೆ ಸತ್ತ 40,000 ಆತ್ಮಗಳಿಗೆ ಮುಕ್ತಿ ಸಿಗಬೇಕಾದರೆ ಅವಳು ಸತ್ತೇ ಇರಬೇಕಂತೆ. ಅದರ ನಡುವೆ ಒಂದು ದೃಶ್ಯ: ಪವಿತ್ರ ಚಿಲುಮೆಯ ನೀರನ್ನು ಗೇಬ್ರಿಯೆಲ್ ಬಾಯಲ್ಲಿ ತುಂಬಿಕೊಂಡು ಝೀನಾಳ ಬಾಯಿಗೆ ಹನಿಸುತ್ತಾಳೆ. ಇದು ಮುತ್ತೋ, ಔಷಧವೋ? 2003ರಲ್ಲಿ ಲೂಸಿ ಲಾಲೆಸ್ ಲೆಸ್ಬಿಯನ್ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಆ ದೃಶ್ಯವೇ ತನ್ನ ಅನುಮಾನ ಕಳೆಯಿತು, ಅವರಿಬ್ಬರೂ ಪ್ರೇಮಿಗಳೇ ಎಂದರು. ಆರು ವರ್ಷ ಕಾದವರಿಗೆ ಉತ್ತರ ಸಿಕ್ಕಿತು, ಹೆಣದ ಜೊತೆಗೆ.

ಉತ್ತರವೆಲ್ಲ ಕಥೆಯೊಳಗೇ ಬರುತ್ತದೆಂದು ಒಮ್ಮೆ ರೂಢಿಯಾಯಿತೆಂದರೆ, ಹೊರಗೆ ನಿಂತು ಹೇಳಿದ ‘ಇಲ್ಲ’ವನ್ನು ಯಾರು ನಂಬುತ್ತಾರೆ? ಬಿಬಿಸಿಯ ‘ಶೆರ್ಲಾಕ್’ ಕಥೆ ಇದೇ. 2010ರಿಂದ 2017ರವರೆಗೆ ಹದಿಮೂರೇ ಕಂತು. ಮೊದಲ ಕಂತಿನಲ್ಲೇ ಶೆರ್ಲಾಕ್ ಮತ್ತು ವಾಟ್ಸನ್ ಹೋಟೆಲಿಗೆ ಹೋದರೆ, ಮಾಲೀಕ ಇವರನ್ನು ಜೋಡಿಯೆಂದು ತಿಳಿದು ಮೇಜಿಗೆ ಮೇಣದಬತ್ತಿ ತಂದಿಡುತ್ತಾನೆ. ತಾನು ಅಂಥವನಲ್ಲ ಎಂದು ವಾಟ್ಸನ್ ಚಡಪಡಿಸುತ್ತಾನೆ. ಇದೇ ತಮಾಷೆ ಮತ್ತೆ ಮತ್ತೆ. 2014ರ ಕಂತೊಂದರಲ್ಲಿ ಶೆರ್ಲಾಕ್‌ನ ಅಭಿಮಾನಿ ಸಂಘವನ್ನೇ ತೆರೆಗೆ ತಂದರು. ಅಲ್ಲೊಬ್ಬ ಹುಡುಗಿ ಶೆರ್ಲಾಕ್‌ಗೂ ಖಳನಾಯಕನಿಗೂ ಮುತ್ತಿಡಿಸುವ ಕಥೆ ಕಟ್ಟುತ್ತಾಳೆ, ಅದನ್ನು ಕೇಳಿದವನು ಮುಖ ಸಿಂಡರಿಸುತ್ತಾನೆ. ಸಂದರ್ಶನಗಳಲ್ಲಿ ಧಾರಾವಾಹಿಯ ಸೃಷ್ಟಿಕರ್ತರಾದ ಸ್ಟೀವನ್ ಮೊಫಾಟ್, ಮಾರ್ಕ್ ಗೇಟಿಸ್ ಇಬ್ಬರೂ ಅಂಥದ್ದೇನೂ ಆಗದು ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಗೇಟಿಸ್ ಸ್ವತಃ ಸಲಿಂಗಪ್ರೇಮಿ, ಅದನ್ನು ಎಂದೂ ಮುಚ್ಚಿಟ್ಟವರಲ್ಲ. ಆದರೂ ಅಭಿಮಾನಿಗಳು ನಂಬಿದ್ದು ಅವರ ಮಾತನ್ನಲ್ಲ, ಮೇಣದಬತ್ತಿಯನ್ನು.

2017ರ ಜನವರಿ 15ಕ್ಕೆ ಕೊನೆಯ ಕಂತು ಬಂದು ಪ್ರೇಮದ ಸುದ್ದಿಯಿಲ್ಲದೆ ಮುಗಿಯಿತು. ಆಗ ಒಂದು ಗುಂಪು ತೀರ್ಮಾನಿಸಿತು: ಇಷ್ಟು ಕೆಟ್ಟದಾಗಿದೆ ಎಂದರೆ ಇದು ಸುಳ್ಳು ಕಂತು, ನಿಜವಾದದ್ದನ್ನು ಮುಂದಿನ ಭಾನುವಾರ ಗುಟ್ಟಾಗಿ ತೋರಿಸುತ್ತಾರೆ! ಆ ಹೊತ್ತಿಗೆ ಬಿಬಿಸಿ ಪ್ರಕಟಿಸಿದ್ದ ‘ಆ್ಯಪಲ್ ಟ್ರೀ ಯಾರ್ಡ್’ ಎಂಬ ಹೊಸ ಧಾರಾವಾಹಿ ಬರೀ ಮುಸುಕಂತೆ. 22ರ ರಾತ್ರಿ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತರು. ಪರದೆಯ ಮೇಲೆ ನಡುವಯಸ್ಸಿನ ವಿಜ್ಞಾನಿಯೊಬ್ಬಳ ವಿವಾಹೇತರ ಸಂಬಂಧದ ಕಥೆ ಶುರುವಾಯಿತು, ಅದೇ ಮುಂದುವರಿಯಿತು, ಅದೇ ಮುಗಿಯಿತು. ಪಾಪ, ನಗಬಾರದು. ನಗು ಬರುತ್ತದೆ.

ಇನ್ನು ‘ಸೂಪರ್‌ನ್ಯಾಚುರಲ್’. 2005ರಿಂದ 2020, ಹದಿನೈದು ಸೀಸನ್, 327 ಕಂತು. ಭೂತಪಿಶಾಚಿಗಳನ್ನು ಬೇಟೆಯಾಡುವ ಅಣ್ಣತಮ್ಮಂದಿರು. ನಾಲ್ಕನೇ ಸೀಸನ್ನಿನಿಂದ ಅವರ ಜೊತೆ ಕ್ಯಾಸ್ಟಿಯೆಲ್ ಎಂಬ ದೇವದೂತ. ಅಣ್ಣ ಡೀನ್‌ಗೂ ಈ ದೇವದೂತನಿಗೂ ಅಭಿಮಾನಿಗಳು ಗಂಟು ಹಾಕಿದರು. 2014ರ ನವೆಂಬರ್ 11ರಂದು ಬಂದ ಇನ್ನೂರನೇ ಕಂತಿನಲ್ಲಿ ತಯಾರಕರು ಏನು ಮಾಡಿದರು ಗೊತ್ತೆ? ಶಾಲೆಯೊಂದರಲ್ಲಿ ಹುಡುಗಿಯರು ಈ ಅಣ್ಣತಮ್ಮಂದಿರ ಕಥೆಯನ್ನೇ ಸಂಗೀತ ನಾಟಕವಾಗಿ ಆಡುತ್ತಿದ್ದಾರೆ. ಡೀನ್ ಮತ್ತು ಕ್ಯಾಸ್ಟಿಯೆಲ್ ವೇಷದ ಹುಡುಗಿಯರಿಬ್ಬರು ಅಂಟಿಕೊಂಡು ನಿಂತಿರುವುದನ್ನು ಕಂಡು ನಿಜವಾದ ಡೀನ್ ಕಕ್ಕಾಬಿಕ್ಕಿ! ಕೊನೆಗೆ ನಾಟಕ ಬರೆದ ಹುಡುಗಿಗೆ ಅವನು ಹೇಳುವ ಮಾತಿನ ಸಾರ: ನಿನ್ನ ಕಥೆ ನಿನಗಿರಲಿ, ನನ್ನದು ನನಗೆ. ಇಡೀ ಈ ಜಗಳದಲ್ಲಿ ಧಾರಾವಾಹಿಯ ಕಡೆಯಿಂದ ಬಂದ ಅತಿ ಹೃದಯವಂತ ಮಾತು ಇದೇ ಎಂದು ನನಗನ್ನಿಸುತ್ತದೆ.

ಆದರೆ ಅಲ್ಲಿಗೇ ನಿಲ್ಲಲಿಲ್ಲ. 2020ರ ನವೆಂಬರ್ 5. ಅಮೆರಿಕದ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ಇನ್ನೂ ಮುಗಿದಿಲ್ಲ. ಆ ರಾತ್ರಿಯ ಕಂತಿನಲ್ಲಿ ಕ್ಯಾಸ್ಟಿಯೆಲ್ ಕಣ್ಣೀರಿಡುತ್ತ ಡೀನ್‌ಗೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದುಬಿಟ್ಟ! ಹನ್ನೆರಡು ವರ್ಷಗಳ ಮೇಲೆ! ಅಂದ ಕೂಡಲೇ ಕಪ್ಪು ಶೂನ್ಯವೊಂದು ಬಂದು ಅವನನ್ನು ನುಂಗಿತು. ಡೀನ್ ಪ್ರೀತಿಯ ಬಗ್ಗೆ ಹಿಂದಿರುಗಿ ಒಂದು ಮಾತೂ ಆಡಲಿಲ್ಲ. ಅಲ್ಲಿಗೆ ಮುಗಿಯಿತೆ? ಕೆಲವೇ ವಾರಗಳಲ್ಲಿ ಸ್ಪ್ಯಾನಿಷ್ ಡಬ್ಬಿಂಗ್ ಹೊರಬಂದಾಗ ಅದರಲ್ಲಿ ಡೀನ್ ‘ನಾನೂ ನಿನ್ನನ್ನು’ ಎಂದು ಉತ್ತರಿಸಿದ್ದ! ಮೂಲದಲ್ಲೂ ಇದೇ ಇತ್ತು, ವಾಹಿನಿ ಕತ್ತರಿಸಿತು ಎಂದು ಅಭಿಮಾನಿಗಳು ಲೋಕ ತಲೆಕೆಳಗು ಮಾಡಿದರು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಒಂದು ಕಡೆ ನಗು ನಿಲ್ಲುತ್ತದೆ.

2002ರ ಮೇ 7ರಂದು ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಕಂತೊಂದರಲ್ಲಿ ವಿಲೋ ಮತ್ತು ಟಾರಾ ಎಂಬ ಹುಡುಗಿಯರು ಮುನಿಸು ಮರೆತು ಒಂದಾಗಿದ್ದರು. ಅಮೆರಿಕದ ಟೆಲಿವಿಷನ್ನಿನಲ್ಲಿ ಆಗ ಇಂಥ ಜೋಡಿಗಳು ಬೆರಳೆಣಿಕೆಯಷ್ಟು. ಟಾರಾ ಪಾತ್ರದ ಆ್ಯಂಬರ್ ಬೆನ್ಸನ್ ಹೆಸರು ಶೀರ್ಷಿಕೆಯಲ್ಲಿ ಮುಖ್ಯ ಕಲಾವಿದರ ಸಾಲಿಗೆ ಮೊದಲ ಬಾರಿ ಬಂದದ್ದೂ ಅದೇ ಕಂತಿನಲ್ಲಿ. ಅದೇ ಕಂತಿನ ಕೊನೆಗೆ ಬೇರೆ ಯಾರಿಗೋ ಹಾರಿಸಿದ ಗುಂಡು ಕಿಟಕಿ ತೂರಿ ಬಂದು ಟಾರಾಳ ಎದೆ ಸೀಳಿತು. ಹದಿನಾಲ್ಕು ವರ್ಷ ಬಿಟ್ಟು, 2016ರ ಮಾರ್ಚ್ 3ರಂದು, ‘ದಿ 100’ ಧಾರಾವಾಹಿಯಲ್ಲಿ ದಂಡನಾಯಕಿ ಲೆಕ್ಸಾ ಮತ್ತು ಕ್ಲಾರ್ಕ್ ಮೊದಲ ಸಲ ಹಾಸಿಗೆ ಹಂಚಿಕೊಂಡರು. ಕೆಲವೇ ನಿಮಿಷಗಳ ನಂತರ ಕ್ಲಾರ್ಕ್‌ಗೆ ಗುರಿಯಿಟ್ಟ ಗುಂಡು ಲೆಕ್ಸಾಗೆ ಬಿತ್ತು. ಅದೇ ಗುಂಡು! ಅಭಿಮಾನಿಗಳಲ್ಲಿ ಬಹಳಷ್ಟು ಮಂದಿ ಹದಿಹರೆಯದ ಸಲಿಂಗಪ್ರೇಮಿ ಹುಡುಗಿಯರು. ಮನೆಯಲ್ಲಿ ಬಾಯಿಬಿಡಲಾಗದವರಿಗೆ ಲೆಕ್ಸಾ ಒಬ್ಬಳೇ ಗಟ್ಟಿ ಆಸರೆಯಾಗಿದ್ದಳು. ಅವಳಿಗೇನೂ ಆಗದು ಎಂಬ ನಂಬಿಕೆಯನ್ನು ಧಾರಾವಾಹಿಯ ಕಡೆಯವರು ಪ್ರಚಾರದಲ್ಲಿ ಬೆಳೆಸಿದರೆಂಬುದು ಅವರ ಮುಖ್ಯ ದೂರು.

ಈ ಸಲ ಮೇಜಿನ ಕೆಳಗೆ ಯಾರೂ ಅಡಗಲಿಲ್ಲ. ಸಿಟ್ಟನ್ನು ಹಣವಾಗಿ ಒಟ್ಟುಮಾಡಿ, ಆತ್ಮಹತ್ಯೆಯ ಅಂಚಿನಲ್ಲಿರುವ ಎಲ್‌ಜಿಬಿಟಿ ಮಕ್ಕಳಿಗೆ ನೆರವಾಗುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. ಮಾರ್ಚ್ 24ರಂದು ಧಾರಾವಾಹಿಯ ಮುಖ್ಯಸ್ಥ ಜೇಸನ್ ರಾಥೆನ್‌ಬರ್ಗ್ ದೀರ್ಘ ಲೇಖನ ಬರೆದು ಕ್ಷಮೆ ಕೇಳಿದರು; ಈಗ ತಿಳಿದಿದ್ದು ಆಗ ತಿಳಿದಿದ್ದರೆ ಆ ಸಾವನ್ನು ಬೇರೆ ರೀತಿ ಬರೆಯುತ್ತಿದ್ದೆವು ಎಂಬುದು ಅದರ ಇಂಗಿತ. ಕಥೆಯ ಹೊರಗೆ ಬಂದು ನೇರವಾಗಿ ಆಡಿದ ಮಾತು ಅದು! ಕೆನಡಾದ ಕೆಲವು ಟಿವಿ ಬರಹಗಾರರು ಲೆಕ್ಸಾ ಹೆಸರಿನಲ್ಲಿ ಪ್ರತಿಜ್ಞಾಪತ್ರವನ್ನೇ ಹೊರತಂದರು: ಸಲಿಂಗಪ್ರೇಮಿಗಳಲ್ಲದ ಪಾತ್ರಗಳ ಕಥೆಗೆ ಮಸಾಲೆಯಾಗಿ ಸಲಿಂಗಪ್ರೇಮಿ ಪಾತ್ರಗಳನ್ನು ಕೊಲ್ಲುವುದಿಲ್ಲ, ಅಭಿಮಾನಿಗಳಿಗೆ ಸುಳ್ಳು ಆಸೆ ತೋರಿಸುವುದಿಲ್ಲ. ಮರುವರ್ಷ ಲಾಸ್ ವೇಗಸ್‌ನಲ್ಲಿ ಕ್ಲೆಕ್ಸಾಕಾನ್ ಎಂಬ ಸಮ್ಮೇಳನವೇ ಸೇರಿತು.

ಅಭಿಮಾನಿಗಳು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ನಟರ ಹೆಂಡತಿ, ಮಕ್ಕಳೇ ನಕಲಿ ಎಂದು ಸಾಧಿಸಲು ಹೊರಟವರಿದ್ದಾರೆ, ಬರಹಗಾರರಿಗೆ ಬೆದರಿಕೆ ಹಾಕಿದವರಿದ್ದಾರೆ. ಅದು ಅಭಿಮಾನವಲ್ಲ, ಪೀಡನೆ. ಆದರೆ ಕಥೆಯನ್ನು ತಮ್ಮಿಷ್ಟದಂತೆ ಬೆಳೆಸಿದ್ದು ತಪ್ಪೆಂದು ಯಾರಾದರೂ ಅಂದರೆ, ತಾಳಮದ್ದಳೆ ಕೇಳಿ ಬೆಳೆದವರು ನಗುತ್ತಾರೆ. ಪ್ರಸಂಗ ಒಂದೇ, ಪದ್ಯ ಒಂದೇ. ಅರ್ಥಧಾರಿ ಬದಲಾದರೆ ಕರ್ಣನೇ ಬದಲಾಗುತ್ತಾನೆ. ಪ್ರಸಂಗಕರ್ತ ಎದ್ದು ಬಂದು ನನ್ನ ಕರ್ಣ ಹೀಗನ್ನಲಿಲ್ಲ ಎಂದು ಜಗಳ ತೆಗೆಯುವುದಿಲ್ಲ. ಇಲ್ಲಿ ಜಗಳ ಬಂದದ್ದು ಕರ್ತೃ ಬದುಕಿದ್ದಾನೆ, ವಾರವಾರ ಹೊಸ ಪದ್ಯ ಕೊಡುತ್ತಾನೆ, ಅದಕ್ಕೆ ಹಣ ಎಣಿಸುತ್ತಾನೆ ಎಂಬುದರಿಂದ. ಜೋಡಿಯ ಆಸೆ ತೋರಿಸಿ ಪ್ರೇಕ್ಷಕರನ್ನು ಕಟ್ಟಿಹಾಕಿ, ಕೇಳಿದಾಗ ‘ನೀವೇ ಕಲ್ಪಿಸಿಕೊಂಡಿರಿ’ ಎನ್ನುವುದು ನನ್ನ ಪ್ರಕಾರ ಶುದ್ಧ ಮೋಸ.

ಸೀದಾ ‘ಹೌದು’ ಎಂದವರೂ ಇದ್ದಾರೆ. ‘ದಿ ಲೆಜೆಂಡ್ ಆಫ್ ಕೋರಾ’ ಎಂಬ ಕಾರ್ಟೂನು ಧಾರಾವಾಹಿ 2014ರ ಡಿಸೆಂಬರ್‌ನಲ್ಲಿ ಮುಗಿದಾಗ ಕೋರಾ ಮತ್ತು ಅಸಾಮಿ ಕೈ ಕೈ ಹಿಡಿದು ಬೆಳಕಿನೊಳಗೆ ನಡೆದರು. ಮೂರೇ ದಿನದಲ್ಲಿ ಅದರ ಇಬ್ಬರು ಸೃಷ್ಟಿಕರ್ತರೂ ಬರೆದು ತಿಳಿಸಿದರು: ನೀವು ತಿಳಿದದ್ದು ಸರಿ, ಅವರು ಪ್ರೇಮಿಗಳು. ಆಕಾಶ ಕಳಚಿ ಬೀಳಲಿಲ್ಲ.

ಮೇಜಿನ ಕೆಳಗಿನ ಆ ಕಾಗದಗಳ ಗತಿ? ಅಭಿಮಾನಿಗಳೇ ಸ್ವಯಂಸೇವಕರಾಗಿ, ಜಾಹೀರಾತಿಲ್ಲದೆ ನಡೆಸುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥಾಭಂಡಾರಕ್ಕೆ 2019ರಲ್ಲಿ ವಿಜ್ಞಾನ ಕಥಾಲೋಕದ ಹಿರಿಯ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಅದರ ಮಾತೃಸಂಸ್ಥೆ 2009ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪಿನ್ ತುಕ್ಕು ಹಿಡಿದ, ಮಸಿ ಮಾಸಿದ ಹಳೆಯ ಫ್ಯಾನ್‌ಝೀನ್‌ಗಳನ್ನು ಅಭಿಮಾನಿಗಳು ಅಟ್ಟದಿಂದ ಇಳಿಸಿ ಅಲ್ಲಿಗೆ ಕಳಿಸುತ್ತಿದ್ದಾರೆ. ವಿಶೇಷ ಸಂಗ್ರಹ ವಿಭಾಗದಲ್ಲಿ ಅವನ್ನು ಪಟ್ಟಿಮಾಡಿ ಇಟ್ಟಿದ್ದಾರೆ, ಹೋಗಿ ಕೇಳಿದವರಿಗೆ ಓದಲು ಕೊಡುತ್ತಾರೆ.